ಸೌದೆ ಹಾಕಿದ್ದು ಯಾರು?

ನಮ್ಮ ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೇಯಿಸೋ ಕಾಲದಲ್ಲಿ ರಾತ್ರಿ ನೆಟ್ಟಗೆ ನಿದ್ದೆ ಮಾಡೋರು ಕಮ್ಮಿ. ಬ್ಯಾರನ್ನಿಗೆ ಸೊಪ್ಪು ಏರಿಸಿದರೆ 5–6 ದಿನ ಬೆಂಕಿ ಕಾಯಬೇಕು. ಶಾಖ 95 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸಿನಿಂದ 160ರವರೆಗೆ ನಿಧಾನಕ್ಕೆ ಏರಬೇಕು.

ನಮ್ಮನೇಲಿ ಅಪ್ಪ, ಚಿಕ್ಕಪ್ಪ ಪಾಳಿಯಲ್ಲಿ ಕಾಯುತ್ತಿದ್ದರು. ಒಂದು ರಾತ್ರಿ ಅಪ್ಪ ಸೌದೆ ಹಾಕಿ ಮಲಗಿದರು. ಎದ್ದು ಬಂದ ಚಿಕ್ಕಪ್ಪ ಮತ್ತೆ ಹಾಕಿದರು. ಹಳದಿ ತಿರುಗಬೇಕಿದ್ದ ಸೊಪ್ಪು ಹಸಿರಾಗೇ ಒಣಗಿಹೋಯ್ತು. "ಸೌದೆ ಹಾಕಿದ್ದು ಯಾರ್ಲಾ?" ಅಂತ ಬೆಳಿಗ್ಗೆ ಅಪ್ಪ ಕೂಗಾಡಿದರು. ಇಬ್ಬರೂ ಹಾಕಿದ್ದರು. ಮಾರನೇ ದಿನ ಅವ್ವ ನನ್ನ ಸ್ಲೇಟು ಕಿತ್ಕೊಂಡು ಬ್ಯಾರನ್ ಬಾಗಿಲಿಗೆ ನೇತುಹಾಕಿದಳು. ಹಾಕಿದವರು ಹೆಸರು, ಹೊತ್ತು ಬರೀಬೇಕು.

ಬಿ.ಇ. ಮುಗಿಸಿ ಬೆಂಗಳೂರಲ್ಲಿ ಫೈರ್‌ವಾಲ್ ನೋಡಿಕೊಳ್ಳೋ ಕೆಲಸಕ್ಕೆ ಸೇರಿದಾಗ ನನಗೆ ಆ ಸ್ಲೇಟು ಮರೆತೇಹೋಗಿತ್ತು. ಕಂಪನಿಯ ನೆಟ್‌ವರ್ಕಿನೊಳಗೆ ಯಾವುದನ್ನ ಬಿಡಬೇಕು, ಯಾವುದನ್ನ ತಡೀಬೇಕು ಅನ್ನೋ ನಿಯಮಗಳು ನಮ್ಮ ಕೈಲಿದ್ದವು. ನಾವು ನಾಲ್ಕು ಜನ. 'ಅಡ್ಮಿನ್' ಅನ್ನೋ ಒಂದೇ ಹೆಸರು, ಒಂದೇ ಪಾಸ್‌ವರ್ಡ್. ಒಂದು ರಾತ್ರಿ ಯಾವುದೋ ನಿಯಮ ಅಳಿಸಿಹೋಗಿ ಬ್ರಾಂಚುಗಳ ಸಂಪರ್ಕ ಕಡಿದುಬಿತ್ತು. ಲಾಗ್ ತೆಗೆದು ನೋಡಿದರೆ ಅಳಿಸಿದ್ದು 'ಅಡ್ಮಿನ್'. ಬೈಸಿಕೊಂಡಿದ್ದು ಹೊಸದಾಗಿ ಸೇರಿದ್ದ ಹುಡುಗ. ಅಳಿಸಿದ್ದು ನಾನೇ ಅಂತ ಮನೆಗೆ ಹೋಗೋ ಬಸ್ಸಲ್ಲಿ ಹೊಳೀತು. ಬಾಯಿಬಿಟ್ಟು ಹೇಳೋಕೆ ಎರಡು ದಿನ ಬೇಕಾಯ್ತು. ಆ ಎರಡು ದಿನ ಆ ಹುಡುಗ ಊಟಕ್ಕೂ ನಮ್ಮ ಜೊತೆ ಬರಲಿಲ್ಲ.

ಯಂತ್ರದಲ್ಲಿ ಇದಕ್ಕೆಲ್ಲ ದಾರಿ ಇದೆ. ಚೆಕ್ ಪಾಯಿಂಟ್‌ನಲ್ಲಿ ಮುಂಚೆ ಒಬ್ಬರು ಬದಲಾವಣೆ ಮಾಡೋಕೆ ಕೂತರೆ ಉಳಿದವರು ಬರೀ ನೋಡಬಹುದಿತ್ತು. 2016ರಲ್ಲಿ ಬಂದ ಆರ್80ಯಿಂದ ಹಲವರು ಒಟ್ಟಿಗೇ ಕೆಲಸ ಮಾಡಬಹುದು. ನಾನು ಮುಟ್ಟಿದ ನಿಯಮಕ್ಕಷ್ಟೇ ಬೀಗ ಬೀಳುತ್ತೆ. 'ಪಬ್ಲಿಷ್' ಒತ್ತಿದರೆ ಬೀಗ ಬಿಡುತ್ತೆ, ಬದಲಾವಣೆ ಎಲ್ಲರಿಗೂ ಕಾಣುತ್ತೆ, ಮಾಡಿದವರ ಹೆಸರೂ ಉಳಿಯುತ್ತೆ. ಆದರೆ ನಾಲ್ಕೂ ಜನ ಒಂದೇ ಹೆಸರಲ್ಲಿ ಒಳಗೆ ಹೋದರೆ ಯಂತ್ರ ತಾನೇ ಏನು ಮಾಡೀತು?

ಈಗ ನಮ್ಮಲ್ಲಿ ಅವರವರಿಗೆ ಅವರವರದೇ ಲಾಗಿನ್, ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ. "ನಮ್ಮ ಮೇಲೆ ನಂಬಿಕೆ ಇಲ್ವಾ ಸಾರ್?" ಅಂತ ಒಬ್ಬ ಗೊಣಗಿದ. ಅವನಿಗೆ ಅವ್ವನ ಸ್ಲೇಟಿನ ಕಥೆ ಹೇಳಿದೆ. ಅದು ಬಾಗಿಲಿಗೆ ಬಂದ ಮೇಲೆ ಬೆಂಕಿ ವಿಷಯಕ್ಕೆ ಅಪ್ಪ, ಚಿಕ್ಕಪ್ಪ ಜಗಳ ಆಡಿದ್ದನ್ನ ನಾನಂತೂ ನೋಡಿಲ್ಲ.