ಮುದಿ ಬೆಂಜ್ ಮತ್ತು ಮಿಸ್ತ್ರಿಯ ಕೈ

ಹಳೆಯ ಬೆಂಜ್ ಕಾರುಗಳಿಗೆ ಈಗ ಎಲ್ಲಿಲ್ಲದ ಬೇಡಿಕೆ. ನಮ್ಮ ಸಮೇತನಹಳ್ಳಿಯ ಹೊಸಕೋಟೆ-ವೈಟ್‌ಫೀಲ್ಡ್ ರಸ್ತೆಯಲ್ಲಿ ದಿನವೂ ಹೊಸ ಕಾರುಗಳು ಮಿಂಚುತ್ತವೆ. ಅವುಗಳ ನಡುವೆ ಒಂದೇ ವೈಪರಿನ, ಚೌಕ ಮೈಯ ಹಳೆಯ ಬೆಂಜ್ ಬಂತೆಂದರೆ ಚಹಾದಂಗಡಿಯಲ್ಲಿ ಕುಳಿತ ನಾವೆಲ್ಲ ಕತ್ತು ತಿರುಗಿಸುತ್ತೇವೆ.

ಬಲ್ಲವರು ಅದನ್ನು ಡಬ್ಲ್ಯೂ-124 ಎನ್ನುತ್ತಾರೆ. ಜರ್ಮನಿಯಲ್ಲಿ 1984ರಲ್ಲಿ ಬಂದ ಈ ಮಾದರಿಯನ್ನು 1995ರಿಂದ ಪುಣೆಯ ಟಾಟಾ ಕಾರ್ಖಾನೆಯ ಆವರಣದಲ್ಲಿ ಜೋಡಿಸಲಾಯಿತು. ಆಗ ಅದು ಸಿರಿವಂತರ ಸೊತ್ತು. ಮುಂದೆ ಬೆಲೆ ಇಳಿಯುತ್ತಾ ಹೋಗಿ, ಎಷ್ಟೋ ಕಾರುಗಳು ಗುಜರಿ ಸೇರಿದವು. ಉಳಿದವನ್ನು ಈಗ ಜನ ಹುಡುಕಿಕೊಂಡು ಹೋಗುತ್ತಿದ್ದಾರೆ.

ಕಾರಣ ಬರಿಯ ಷೋಕಿಯಲ್ಲ. ಇಂದಿನ ಕಾರು ಕೆಟ್ಟರೆ ಕಂಪ್ಯೂಟರ್ ಹೇಳಬೇಕು. ಆ ಐದು ಸಿಲಿಂಡರಿನ ಡೀಸೆಲ್ ಎಂಜಿನ್ ಕೆಟ್ಟರೆ ಅನುಭವಿ ಮಿಸ್ತ್ರಿ ಸದ್ದು ಕೇಳಿಯೇ ರೋಗ ಹಿಡಿಯುತ್ತಾನೆ. ಇದರ ಅಣ್ಣ ಡಬ್ಲ್ಯೂ-123 ಮೊರಾಕ್ಕೊದಲ್ಲಿ ದಶಕಗಳ ಕಾಲ ಟ್ಯಾಕ್ಸಿಯಾಗಿ ದುಡಿದದ್ದೂ ಇದೇ ಗುಣದಿಂದ.

ಆದರೆ ಸಾಕುವುದು ಸುಲಭವಲ್ಲ. 1992ರಿಂದ 1995ರ ಪೆಟ್ರೋಲ್ ಕಾರುಗಳಲ್ಲಿ ಎಂಜಿನ್ ವೈರುಗಳ ಹೊದಿಕೆ ವಯಸ್ಸಾದಂತೆ ಪುಡಿಯಾಗುತ್ತದೆ. 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣ ಶುಲ್ಕವನ್ನು 2022ರ ಏಪ್ರಿಲ್‌ನಿಂದ 600 ರೂಪಾಯಿಯಿಂದ 5,000ಕ್ಕೆ ಏರಿಸಲಾಯಿತು. 2025ರಲ್ಲಿ 20 ವರ್ಷ ದಾಟಿದವುಗಳಿಗೆ ಅದು 10,000 ಆಯಿತು. ಇಷ್ಟೆಲ್ಲ ತೆತ್ತರೂ ಬಿಚ್ಚಿ ಜೋಡಿಸುವ ಕೈ ಇಲ್ಲದಿದ್ದರೆ ಕಾರು ಅಂಗಳದ ಅಲಂಕಾರವಷ್ಟೆ.

ಆ ಕೈಗಳನ್ನು ನಾವು ಬಲ್ಲೆವು. ಬೆಂಗಳೂರಿನ ಶಿವಾಜಿನಗರದ ಗುಜರಿ ಸಾಲುಗಳಲ್ಲಿ, ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳ ಆಸುಪಾಸಿನಲ್ಲಿ ಕಸುಬು ಕಲಿತವರಲ್ಲಿ ನಮ್ಮ ಸಮುದಾಯದವರು ಬಹಳ. ಶಾಲೆ ಬಿಟ್ಟ ಹುಡುಗ ಸ್ಪ್ಯಾನರ್ ಎತ್ತಿಕೊಟ್ಟು, ಬೈಗುಳ ತಿಂದು ಉಸ್ತಾದನಾದ. ಈಗ ಅವನ ಮಗ ಆ ಕಡೆ ತಲೆಹಾಕುತ್ತಿಲ್ಲ. ಅವನನ್ನು ದೂರುವುದು ಹೇಗೆ? ಹುಡುಗ ಗ್ಯಾರೇಜಿನಲ್ಲಿದ್ದಾನೆ ಎಂದರೆ ಹೆಣ್ಣು ಕೊಡಲು ಹಿಂಜರಿಯುವ ಸಮಾಜ ನಮ್ಮದು. ಕಬ್ಬಿಣದಿಂದ ಕವಚ ಮಾಡಿ, ಕೈದುಡಿಮೆಯಿಂದಲೇ ಉಂಡ ಪ್ರವಾದಿ ದಾವೂದ್(ಅ)ರ ಕಥೆಯನ್ನು ಮಾತ್ರ ಭಕ್ತಿಯಿಂದ ಕೇಳುತ್ತೇವೆ.

ಹಳೆಯ ಕಾರಿನ ಮೇಲೆ ಲಕ್ಷಗಟ್ಟಲೆ ಸುರಿಯುವವರು ಮಿಸ್ತ್ರಿಯ ಕೂಲಿಯಲ್ಲಿ ಚೌಕಾಸಿ ಮಾಡದಿರಲಿ. ಕಲಿಯಲು ಬಂದ ಹುಡುಗನಿಗೆ ಸಂಬಳವೂ ಸಿಗಲಿ, ಕಲಿತದ್ದಕ್ಕೆ ಒಂದು ಪ್ರಮಾಣಪತ್ರವೂ ಸಿಗಲಿ. ಇಷ್ಟಾದರೂ ಆಗದಿದ್ದರೆ, ಇಂದು ಏರಿರುವ ಈ ಬೆಲೆ ಕೊನೆಯ ಉಸ್ತಾದ್ ಅಂಗಡಿ ಮುಚ್ಚುವವರೆಗೆ ಮಾತ್ರ.