ಬಾತುಗಳಿಗಾಗಿ ಕಳೆ ಬೆಳೆಯುವ ಊರಲ್ಲಿ

ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ನಗರ ಬಿಟ್ಟು ಉತ್ತರಕ್ಕೆ ಹೊರಟರೆ ಹೆದ್ದಾರಿಯ ಇಕ್ಕೆಲದಲ್ಲೂ ಭತ್ತದ ಗದ್ದೆಗಳು. ಡಿಸೆಂಬರ್‌ನಲ್ಲಿ ಪೈರಿಲ್ಲ, ಬರೀ ನೀರು. "ಕೂಳೆ ಮೊದಲಿನ ಹಾಗೆ ಸುಡೋಕೆ ಬಿಡಲ್ಲ ಚಿಕ್ಕಪ್ಪ, ನೀರು ನಿಲ್ಲಿಸಿ ಕೊಳೆಸ್ತಾರೆ" ಎಂದ ಕಾರು ಓಡಿಸುತ್ತಿದ್ದ ಅಣ್ಣನ ಮಗ. ಹೊಗೆಯ ಕಾಟಕ್ಕೆ 1991ರಲ್ಲಿ ಬಂದ ಕಾನೂನು ಅದು. ಲಾಭವಾದದ್ದು ಬಾತುಗಳಿಗೆ.

ವಿಲೋಸ್ ಪಟ್ಟಣದ ಬಳಿಯ ಸ್ಯಾಕ್ರಮೆಂಟೊ ವನ್ಯಜೀವಿ ಆಶ್ರಯಧಾಮದಲ್ಲಿ ಆರು ಮೈಲಿಯ ದಾರಿಯನ್ನು ಕಾರಿನಲ್ಲೇ ಸುತ್ತಬೇಕು. ಗೊತ್ತುಮಾಡಿದ ಜಾಗಗಳಲ್ಲಿ ಮಾತ್ರ ಇಳಿಯಬಹುದು. ಸೂಜಿಬಾಲದ ಬಾತುಗಳು ತಲೆ ಮುಳುಗಿಸಿ ಬಾಲ ಮೇಲೆತ್ತಿ ಮೇಯುತ್ತಿದ್ದವು. ಹದ್ದೊಂದು ಹಾದದ್ದೇ ತಡ, ಬಿಳಿ ಹೆಬ್ಬಾತುಗಳ ಹಿಂಡು ಎದ್ದು ಆಕಾಶವೇ ಗದ್ದಲವಾಯಿತು.

ಕಾಡು ಜೌಗಿನಂತೆ ಕಂಡರೂ ಇದು ಅಪ್ಪಟ ಬೇಸಾಯ. ಬಾತುಗಳು ರೈತರ ಭತ್ತಕ್ಕೆ ಲಗ್ಗೆ ಹಾಕುತ್ತಿದ್ದ ಕಾಲ. ಅವುಗಳಿಗೆ ಬೇರೆ ನೆಲೆ ಒದಗಿಸಲು 1937ರಲ್ಲಿ ಸರ್ಕಾರ ಈ ಜಾಗ ಮಾಡಿತು. ಆರ್ಥಿಕ ಮುಗ್ಗಟ್ಟಿನಲ್ಲಿ ಸರ್ಕಾರಿ ಕೆಲಸಕ್ಕೆ ಸೇರಿದ್ದ ಹುಡುಗರು ಏರಿ ಕಟ್ಟಿದರು. ಗದ್ದೆಯಲ್ಲಿರುವಂತೆ ಇಲ್ಲೂ ಬದು, ತೂಬು, ಕಾಲುವೆ. ಬಿತ್ತನೆ ಮಾತ್ರ ಇಲ್ಲ. ಮಣ್ಣಿನಲ್ಲಿ ಬೀಜ ಇದ್ದೇ ಇದೆ, ಯಾವುದು ಮೊಳೆಯಬೇಕೆಂದು ತೀರ್ಮಾನಿಸುವುದು ನೀರು ಇಳಿಸುವ ಹೊತ್ತು. ವಸಂತದ ಮೊದಲಿಗೇ ಬಸಿದರೆ ನೆಲಕ್ಕಂಟಿ ಬೆಳೆಯುವ 'ಸ್ವಾಂಪ್ ತಿಮೊತಿ' ಹುಲ್ಲು. ತಡಮಾಡಿ ಬಸಿದು ಬೇಸಿಗೆಯಲ್ಲಿ ಮತ್ತೆ ನೀರು ಹಾಯಿಸಿದರೆ 'ವಾಟರ್‌ಗ್ರಾಸ್'. ಇದು ನಮ್ಮ ಊದಲು ಧಾನ್ಯದ ಕಾಡು ನೆಂಟ! ಮಂಡ್ಯದ ಗದ್ದೆಗಳಲ್ಲಿ ಹೆಂಗಸರು ಸೊಂಟ ಬಗ್ಗಿಸಿ ಕಿತ್ತೆಸೆಯುವ ಕಳೆಯ ಜಾತಿಯನ್ನೇ ಇಲ್ಲಿ ನೀರು ಕೊಟ್ಟು ಸಾಕುತ್ತಾರೆ. ಜೊಂಡು ಅತಿಯಾಗಿ ಹಬ್ಬಿದರೆ ಟ್ರ್ಯಾಕ್ಟರ್ ಇಳಿಸಿ ಸೀಳುತ್ತಾರೆ. ಶರತ್ಕಾಲದಲ್ಲಿ ಮತ್ತೆ ನೀರು ತುಂಬಿಸುತ್ತಾರೆ, ಅದೂ ಒಂದಡಿ ಮೀರದಂತೆ. ಆಳವಾದರೆ ಕೊಕ್ಕಿಗೆ ಬೀಜ ಎಟುಕದು.

ಇಷ್ಟೆಲ್ಲ ಉಪಚಾರದ ಇನ್ನೊಂದು ಮುಖ ದೂರದಿಂದ ಕೇಳಿಸಿತು: ಢಂ, ಢಂ. ಆಶ್ರಯಧಾಮದ ಒಂದು ಭಾಗದಲ್ಲಿ ಬೇಟೆಗೆ ಅನುಮತಿಯಿದೆ. ಸುತ್ತಲಿನ ಖಾಸಗಿ ಬಾತು ಕ್ಲಬ್‌ಗಳಂತೂ ಇದೇ ಹುಲ್ಲನ್ನು ಬೇಟೆಗೆಂದೇ ಬೆಳೆಸುತ್ತವೆ. ಊಟಕ್ಕೆ ಕರೆದು ಗುಂಡು ಹೊಡೆಯುವುದು ನನಗೆ ಹಿಡಿಸಲಿಲ್ಲ. ಆದರೆ ಲೆಕ್ಕ ಬೇರೆಯದೇ ಹೇಳುತ್ತದೆ. ಈ ಗದ್ದೆಗಳೆಲ್ಲ ಇರುವ ಕಣಿವೆಯ ಜೌಗುನೆಲದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಹೊಲ, ತೋಟ, ಊರುಗಳಾಗಿ ಹೋಗಿದೆ. ಉಳಿದುದನ್ನು ಕೊಂಡು ಕಾಯಲು ದೊಡ್ಡ ಹಣ ಬಂದದ್ದು 1934ರಿಂದ ಬೇಟೆಗಾರರು ಕೊಳ್ಳಲೇಬೇಕಾದ ಬಾತು ಸ್ಟಾಂಪಿನಿಂದ. ಈಗ ಅದರ ಬೆಲೆ 25 ಡಾಲರ್. ಬಂದೂಕು ಮುಟ್ಟದ ನಮ್ಮಂಥ ಹಕ್ಕಿಪ್ರಿಯರಿಗೆ ಅಂಥ ಕಡ್ಡಾಯವಿಲ್ಲ. ಬಯ್ಯುವ ಮೊದಲು ನಾವೂ ಒಂದು ಸ್ಟಾಂಪು ಕೊಳ್ಳುವುದು ನ್ಯಾಯ.

ನೀವು ಹೋಗುವುದಾದರೆ ನವೆಂಬರ್–ಜನವರಿ ಒಳ್ಳೆಯ ಕಾಲ. ಬುಧವಾರ, ಶನಿವಾರ, ಭಾನುವಾರ ಬೇಟೆಯ ದಿನಗಳು. ಗುಂಡಿನ ಸದ್ದು ಬೇಡವೆಂದರೆ ಅವನ್ನು ಬಿಟ್ಟು ಹೋಗಿ.