ಹುಳುವಿಗೂ ಬಹುವಚನ

ನಿಮ್ಮ ಕಪಾಟಿನಲ್ಲಿ ಮದುವೆಯ ಒಂದು ರೇಷ್ಮೆ ಸೀರೆಯಾದರೂ ಇರಬಹುದು. ಅದನ್ನು ರೇಷ್ಮೆ ಎಂದಷ್ಟೇ ಕರೆಯುತ್ತೀರಿ. ಬೇರೆ ಹೆಸರು ನಿಮಗೆ ಬೇಕಾಗಿರಲಾರದು. ರಾಮನಗರದ ನೂಲು ಬಿಚ್ಚುವ ಮನೆಯಲ್ಲಿ ಹುಟ್ಟಿದ ನನಗೂ ಬೇಕಾಗಿರಲಿಲ್ಲ. ಬೆಂಗಳೂರಿನಲ್ಲಿ ಜಪಾನಿ ಭಾಷೆ ಕಲಿಯುತ್ತಿರುವ ತಮ್ಮನ ಮಗಳು ಈದ್‌ಗೆ ಬಂದವಳು, "ಫುಪ್ಪು, ಅವರಲ್ಲಿ ರೇಷ್ಮೆಗೆ ಎಷ್ಟು ಹೆಸರಿದೆ ಗೊತ್ತಾ?" ಎಂದು ಪುಸ್ತಕ ಬಿಡಿಸಿ ಕುಳಿತಳು.

ರೇಷ್ಮೆಗೆ ಸಾಮಾನ್ಯ ಹೆಸರು 'ಕಿನು'. ಗೂಡಿನಿಂದ ಬಿಚ್ಚಿದ ಒರಟು ನೂಲು 'ಕಿಇತೊ', ಅಂದರೆ ಹಸಿ ನೂಲು. ಅದರ ಅಂಟು ತೆಗೆದು ಮೆದುಗೊಳಿಸಿದರೆ 'ನೆರಿಇತೊ'. 'ನೆರು' ಎಂದರೆ ನಾದುವುದು, ನಾವು ರೊಟ್ಟಿ ಹಿಟ್ಟು ನಾದುತ್ತೇವಲ್ಲ, ಹಾಗೆ.

ಹುಳುವಿನ ಹೆಸರು 'ಕೈಕೊ'. ಸಾಕಿದ ಹುಳು ಎಂದರ್ಥ. ಹಳ್ಳಿಮನೆಗಳಲ್ಲಿ ಅದನ್ನು 'ಓಕೈಕೊಸಾಮ' ಎನ್ನುತ್ತಿದ್ದರಂತೆ. ಮೊದಲಿನ 'ಓ', ಕೊನೆಯ 'ಸಾಮ' ಎರಡೂ ಗೌರವಕ್ಕೆ. ನಾವು 'ಹುಳುವಿನವರು ಬಂದರು' ಎಂದಂತಾಯಿತು! ಎಣಿಸುವಾಗಲೂ ಉಳಿದ ಹುಳುಹುಪ್ಪಟೆಗಳ ಲೆಕ್ಕವಲ್ಲ. ದನ, ಕುದುರೆಗಳಿಗೆ ಬಳಸುವ 'ತೋ' ಎಂಬ ಪದವೇ ಇದಕ್ಕೂ. ಅದರ ಅರ್ಥ ತಲೆ. ಮನೆಗೆ ಅನ್ನ ತರುವ ಜೀವ ಎಂಬ ಭಾವನೆಯಿರಬೇಕು.

ನನ್ನನ್ನು ಹೆಚ್ಚು ಕಾಡಿದ್ದು ಇನ್ನೆರಡು ಪದ. ನೂಲು ಬಿಚ್ಚಲು ಬಾರದ ಗೂಡುಗಳನ್ನು ಬೇಯಿಸಿ ಹಿಗ್ಗಿಸಿದರೆ ಸಿಗುವ ಅರಳೆ 'ಮವಾತ', ಅಂದರೆ ನಿಜವಾದ ಅರಳೆ. ಆ ದೇಶದಲ್ಲಿ ಹತ್ತಿ ಹರಡುವ ಮೊದಲು ಅರಳೆ ಎಂದರೆ ಇದೇ ಆಗಿತ್ತು. ಆ ಅರಳೆಯಿಂದ ನೂಲೆಳೆದು ನೇಯ್ದ ಬಟ್ಟೆ 'ತ್ಸುಮುಗಿ'. ರೈತ ಹೆಂಗಸರು ಒಳ್ಳೆಯ ಗೂಡನ್ನೆಲ್ಲ ಮಾರಿ, ಜೋಡಿಗೂಡು, ತೂತುಗೂಡುಗಳನ್ನು ಮನೆಗೆ ಉಳಿಸಿಕೊಂಡು ಮಾಡುತ್ತಿದ್ದ ಬಟ್ಟೆಯದು. ಯೂಕಿ ಎಂಬ ಊರಿನ ಕಡೆ ಇಂದಿಗೂ ಬೆರಳಿಗೆ ಎಂಜಲು ಹಚ್ಚಿ ಕೈಯಿಂದಲೇ ನೂಲು ಎಳೆಯುತ್ತಾರೆ. 2010ರಲ್ಲಿ ಯುನೆಸ್ಕೊ ಆ ಕಸುಬನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಕಳಪೆ ಗೂಡಿನ ಆ ಬಟ್ಟೆ ಈಗ ಬಲು ದುಬಾರಿ.

ಇದನ್ನೆಲ್ಲ ಅಮ್ಮಿಗೆ ಓದಿ ಹೇಳಿದೆವು. ನಮ್ಮ ಗಂಡಸರಿಗೆ ಹೇಗೂ ರೇಷ್ಮೆ ನಿಷಿದ್ಧ. ಅಮ್ಮಿಗೆ ಇರಲಿಲ್ಲ. ಆದರೂ ಮೂವತ್ತು ವರ್ಷ ಚರಕದ ಮುಂದೆ ಬಿಸಿನೀರಿಗೆ ಬೆರಳು ಕೊಟ್ಟ ಅವರ ಮೈಮೇಲೆ ನಾನು ಕಂಡದ್ದು ವಾಯಿಲ್ ಸೀರೆ ಮಾತ್ರ. ಕೆಟ್ಟ ಗೂಡು, ಎಳೆಯ ಸಿಕ್ಕು ಯಾವುದನ್ನೂ ನಮ್ಮಲ್ಲಿ ಇಟ್ಟುಕೊಳ್ಳುತ್ತಿರಲಿಲ್ಲ. ಅದೂ ತೂಕಕ್ಕೆ ಹೋಗುತ್ತಿತ್ತು.

ಹುಳುವಿನ ತಲೆ ಎಣಿಸುವ ಮಾತಿಗೆ ಅಮ್ಮಿ ನಕ್ಕರು. "ನಾವು ಕೆ.ಜಿ. ಲೆಕ್ಕದಲ್ಲಿ ತರುತ್ತಿದ್ದೆವಪ್ಪ" ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ಮೊಮ್ಮಗಳ ಕಡೆ ತಿರುಗಿ ಕೇಳಿದರು:

"ಆ ಉಳಿದ ಗೂಡಿನ ಬಟ್ಟೆ ಅಂದೆಯಲ್ಲ, ಅದನ್ನು ಆ ಹೆಂಗಸರು ತಾವೇ ಉಟ್ಟರಾ?"